ಪಟ್ಟಣಕ್ಕೆ ಹೋಗೋಣವೋ? ಊರಲ್ಲಿಯೇ ಇರೋಣವೋ?

ಧ್ಯಾನಕ್ಕಾಗಿ: ಯಾಕೋಬನ ಪತ್ರಿಕೆ 4ನೇ ಅಧ್ಯಾಯ, 13ರಿಂದ 15ನೇ ವಚನಗಳು, ಆದಿಕಾಂಡ 13ನೇ ಅಧ್ಯಾಯ. ಇವೆರಡನ್ನೂ ಮೊದಲು ಸತ್ಯವೇದದಲ್ಲಿ ತೆರೆದು ಮನೆಯವರೆಲ್ಲರು ಕೇಳುವಂತೆ ಓದಿರಿ.



ಸುಗ್ಗಿಯು ಮುಗಿದು ಕಣವು ಬರಿದಾದ ಮೇಲೆ ನಮ್ಮ ಹಳ್ಳಿಯ ಸಭೆಗಳಲ್ಲಿ ವರುಷ ವರುಷವೂ ಒಂದು ಪ್ರಶ್ನೆಯು ಏಳುತ್ತದೆ. ಮಕ್ಕಳ ಪರೀಕ್ಷೆಗಳು ತೀರಿರುತ್ತವೆ. ಮುಂಗಾರಿಗೆ ಇನ್ನೂ ದಿನಗಳಿರುತ್ತವೆ. ಸಾಲ ಕೊಟ್ಟವನು ಎರಡು ಸಾರಿ ಬಾಗಲಿಗೆ ಬಂದು ಹೋಗಿರುತ್ತಾನೆ. ಪಟ್ಟಣದಿಂದ ಹಬ್ಬಕ್ಕೆ ಬಂದ ನೆಂಟನು ಅಲ್ಲಿನ ಕೂಲಿಯ ವಿಷಯವನ್ನು ಹೇಳಿರುತ್ತಾನೆ. ಆ ರಾತ್ರಿ ದೀಪ ಆರಿಸಿದ ಮೇಲೆ ಗಂಡನು ಹೆಂಡತಿಯ ಸಂಗಡ ಮೆಲ್ಲಗೆ ಮಾತು ತೆಗೆಯುತ್ತಾನೆ: "ನಾವೂ ಹುಬ್ಬಳ್ಳಿಗೆ ಹೋದರೆ ಹೇಗೆ? ಬೆಂಗಳೂರಿಗೆ ಹೋದರೆ ಹೇಗೆ? ಇಲ್ಲವೆ ಇದ್ದಲ್ಲಿಯೇ ಇರೋಣವೋ?"

ಇದು ಲೌಕಿಕವಾದ ಪ್ರಶ್ನೆ, ದೇವಾಲಯದಲ್ಲಿ ಎತ್ತತಕ್ಕದ್ದಲ್ಲ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದಕಾರಣ ಹೊರಡುವ ದಿನದ ವರೆಗೂ ಬೋಧಕರಿಗಾಗಲಿ ಸಭಾಹಿರಿಯರಿಗಾಗಲಿ ತಿಳಿಸುವದಿಲ್ಲ. ಒಂದು ಭಾನುವಾರ ಅವರು ಕೂತುಕೊಳ್ಳುವ ಸ್ಥಳವು ಬರಿದಾಗಿರುತ್ತದೆ. ವಿಚಾರಿಸಿದರೆ, "ಅವರು ಗಂಟು ಕಟ್ಟಿಕೊಂಡು ಹೋದರು" ಎಂಬ ಉತ್ತರವು ನೆರೆಯವರಿಂದ ಬರುತ್ತದೆ. ಆದರೆ ಅಪೊಸ್ತಲರ ಕಾಲದಲ್ಲಿಯೇ ಈ ಪ್ರಶ್ನೆಯು ಸಭೆಯೊಳಗೆ ಬಂದಿತ್ತು. ಇಂದೋ ನಾಳೆಯೋ ಇಂಥ ಪಟ್ಟಣಕ್ಕೆ ಹೋಗುವೆವು, ಅಲ್ಲಿ ಒಂದು ವರುಷವಿದ್ದು ವ್ಯಾಪಾರ ಮಾಡಿ ಲಾಭ ಪಡೆಯುವೆವು ಎಂದು ನಿಶ್ಚಯವಾಗಿ ಆಡಿಕೊಳ್ಳುವವರನ್ನು ಯಾಕೋಬನು ಹತ್ತಿರಕ್ಕೆ ಕರೆದು ಮಾತಾಡಿಸುತ್ತಾನೆ. ಅವನು ಪ್ರಯಾಣವನ್ನು ಗದರಿಸಲಿಲ್ಲ, ವ್ಯಾಪಾರವನ್ನು ಗದರಿಸಲಿಲ್ಲ, ಲಾಭವನ್ನೂ ಗದರಿಸಲಿಲ್ಲ. ಅವರ ಲೆಕ್ಕದಲ್ಲಿ ಊರು ಇತ್ತು, ದಿನ ಇತ್ತು, ಹಣ ಇತ್ತು; ದೇವರ ಚಿತ್ತ ಮಾತ್ರ ಇರಲಿಲ್ಲ. ಆ ಒಂದು ಕೊರತೆಯನ್ನೇ ಅವನು ತೋರಿಸಿದನು.

ಹಾಗಾದರೆ ಸಂತೆಯಲ್ಲಿ ತಕ್ಕಡಿಯನ್ನು ಎತ್ತಿ ಹಿಡಿದು ತೂಗುವಂತೆ ಈ ವಿಷಯವನ್ನು ನಾವು ದೇವರ ಮುಂದೆ ತೂಗಿ ನೋಡೋಣ. ಕಳ್ಳ ತೂಕವು ಯೆಹೋವನಿಗೆ ಅಸಹ್ಯವೆಂದು ಬಲ್ಲ ನಾವು ಎರಡು ತಟ್ಟೆಗಳಲ್ಲಿಯೂ ಇರತಕ್ಕದ್ದನ್ನೆಲ್ಲಾ ಇಡೋಣ.

1. ಹೋಗುವದು ಪಾಪವಲ್ಲ, ಉಳಿಯುವದೇ ಪುಣ್ಯವೂ ಅಲ್ಲ

ಊರು ಬಿಟ್ಟವನು ದೇವರನ್ನೂ ಬಿಟ್ಟನೆಂದು ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಇವರು ಸತ್ಯವೇದವನ್ನು ತಿರುಗಿ ಓದಲಿ. ನಂಬುವವರ ತಂದೆಯಾದ ಅಬ್ರಹಾಮನ ಕಥೆಯು ಊರು ಬಿಡುವದರಿಂದಲೇ ಆರಂಭವಾಗುತ್ತದೆ. ನಮ್ಮ ಕರ್ತನು ಸಹ ತಾನು ಬೆಳೆದ ನಜರೇತನ್ನು ಬಿಟ್ಟು, ಸಮುದ್ರದ ಕರೆಯಲ್ಲಿದ್ದ ಕಪೆರ್ನೌಮೆಂಬ ಪಟ್ಟಣದಲ್ಲಿ ಬಂದು ವಾಸಮಾಡಿದನೆಂದು ಮತ್ತಾಯನು ನಾಲ್ಕನೇ ಅಧ್ಯಾಯದಲ್ಲಿ ತಿಳಿಸುತ್ತಾನೆ. ಅಕ್ವಿಲನೂ ಅವನ ಹೆಂಡತಿಯಾದ ಪ್ರಿಸ್ಕಿಲ್ಲಳೂ ಕ್ಲೌದ್ಯ ಚಕ್ರವರ್ತಿಯ ಆಜ್ಞೆಯಿಂದ ರೋಮಾಪುರವನ್ನು ಬಿಟ್ಟು ಕೊರಿಂಥಕ್ಕೆ ಬಂದರು, ಅಲ್ಲಿಂದ ಎಫೆಸಕ್ಕೆ ಹೋದರು. ಅವರ ಕಸುಬು ಗುಡಾರ ಮಾಡುವದು. ಆ ಕಸುಬು ಅವರ ಸಂಗಡ ಊರೂರಿಗೂ ಹೋಯಿತು. ಅದರ ಸಂಗಡ ಪ್ರಾರ್ಥನೆಯೂ ಹೋಯಿತು. ಅವರ ಮನೆಯಲ್ಲಿಯೇ ಸಭೆ ಕೂಡುತ್ತಿತ್ತು.

ನಮ್ಮ ಸ್ವಂತ ಸಭೆಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಬಾಸೆಲ್ ಮಿಶನಿನ ಬೋಧಕರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಕೆಲಸಕ್ಕೆ ಕೈಹಚ್ಚಿದರು. ಆ ಕಾಲದಲ್ಲಿ ದೀಕ್ಷಾಸ್ನಾನ ಹೊಂದಿದ ಅನೇಕರಿಗೆ ಮನೆ ಹೋಯಿತು, ಕುಲದ ಕಸುಬು ಹೋಯಿತು, ಒಕ್ಕಲುತನ ಹೋಯಿತು. ಅಂಥವರ ಕೈಗೆ ಕೆಲಸ ಕೊಡುವದಕ್ಕಾಗಿ ಮಿಶನಿನವರು ನೇಯ್ಗೆಯನ್ನೂ ಅಚ್ಚುಕೂಟವನ್ನೂ ನಡಿಸಿದರು. 1865ರಲ್ಲಿ ಪ್ಲೆಬ್ಸ್ಟ್ ದೊರೆಗಳು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಊರು ಕಳಕೊಂಡವರು ಅಲ್ಲಿ ಅನ್ನವನ್ನು ಕಂಡರು, ಅಕ್ಷರವನ್ನು ಕಂಡರು, ಸಭೆಯನ್ನೂ ಕಂಡರು. ಆದುದರಿಂದ ಪಟ್ಟಣವು ಸೈತಾನನ ಸೀಮೆ, ಹಳ್ಳಿಯು ದೇವರ ಸೀಮೆ ಎಂದು ನಾವು ಬೋಧಿಸಲಾರೆವು.

ಆದರೆ ಅದೇ ಚರಿತ್ರೆಯ ಇನ್ನೊಂದು ಪುಟವನ್ನೂ ಮುಚ್ಚಿಡಬಾರದು. 1914ರಲ್ಲಿ ಎದ್ದ ಮಹಾಯುದ್ಧದ ಫಲವಾಗಿ ಆ ಕಾರ್ಖಾನೆಗಳು ಮಿಶನಿನ ಕೈ ತಪ್ಪಿ ಬೇರೆಯವರ ಆಡಳಿತಕ್ಕೆ ಹೋದವು. ಕಾಲವು ಕಳೆದಂತೆ ಹಂಚಿನ ಮಾಡಿಗೆ ಬದಲಾಗಿ ಸಿಮೆಂಟಿನ ತಾರಸಿಯು ಬಂದು, ಕರಾವಳಿಯ ಹಂಚಿನ ಕಾರ್ಖಾನೆಗಳಲ್ಲಿ ಅನೇಕವು ಮುಚ್ಚಿದವು. ಪಟ್ಟಣದ ಕೆಲಸವು ದೇವರ ಕೊಡುಗೆಯಾಗಿರಬಹುದು, ಬಂಡೆಯಲ್ಲ. ಬಂಡೆಯು ಕ್ರಿಸ್ತನೊಬ್ಬನೇ.

2. ಪಟ್ಟಣದ ತಟ್ಟೆ

ಈ ತಟ್ಟೆಯಲ್ಲಿ ಮೊದಲು ಕೂಲಿಯನ್ನು ಇಡೋಣ. ಮಳೆಯನ್ನು ನಂಬಿದ ಎರೆ ಭೂಮಿಯಲ್ಲಿ ವರುಷದ ಕೆಲವು ತಿಂಗಳು ಕೈಗೆ ಕೆಲಸವಿರುವದಿಲ್ಲ. ಪಟ್ಟಣದಲ್ಲಿ ಮೈಯಲ್ಲಿ ಶಕ್ತಿಯುಳ್ಳವನಿಗೆ ಕೆಲಸದ ದಿನಗಳು ಹೆಚ್ಚು. ಎರಡನೆಯದು, ಶಾಲೆ ಮತ್ತು ಆಸ್ಪತ್ರೆ. ಹತ್ತನೇ ತರಗತಿಯಾದ ಮಗಳು ಮುಂದೆ ಓದಬೇಕಾದರೆ ಬಸ್ಸಿಗಾಗಿ ಎರಡು ಹರದಾರಿ ನಡೆಯಬೇಕಾದ ಊರುಗಳು ನಮ್ಮಲ್ಲಿವೆ. ಮೂರನೆಯದನ್ನು ನಾವು ತಗ್ಗಿದ ಧ್ವನಿಯಿಂದ ಹೇಳಬೇಕಾಗಿದೆ. ಹುಟ್ಟಿದ ಕೇರಿಯ ಹೆಸರಿನಿಂದಲೇ ಮನುಷ್ಯನನ್ನು ಅಳೆಯುವ ಊರುಗಳು ಇನ್ನೂ ಇವೆ. ಅಂಥ ಊರಿನಲ್ಲಿ ನಮ್ಮ ಹುಡುಗನು ಎಷ್ಟು ಓದಿದರೂ ಚಹದ ಅಂಗಡಿಯ ಕಟ್ಟೆಯ ಮೇಲೆ ಅವನಿಗೆ ಸ್ಥಳವಿಲ್ಲ. ಪಟ್ಟಣದ ಕೂಟದಲ್ಲಿ ಅವನನ್ನು ಯಾರೂ ಕೇಳುವದಿಲ್ಲ. ಅವನು ಬೆನ್ನು ನೆಟ್ಟಗೆ ಮಾಡಿ ನಡೆಯಲು ಕಲಿಯುತ್ತಾನೆ. ದೇವರು ತನ್ನ ಸ್ವರೂಪದಲ್ಲಿ ಉಂಟುಮಾಡಿದ ಮನುಷ್ಯನು ಬೆನ್ನು ನೆಟ್ಟಗೆ ಮಾಡಿ ನಡೆಯುವದು ಸಣ್ಣ ಲಾಭವಲ್ಲ. ಬಾಡಿಗೆಯ ಮನೆ ಕೊಡುವಾಗ ಜಾತಿಯನ್ನು ವಿಚಾರಿಸುವವರು ಪಟ್ಟಣದಲ್ಲಿಯೂ ಇದ್ದಾರೆಂಬದು ನಿಜ. ಆದರೂ ಅಲ್ಲಿ ಮತ್ತೊಂದು ಬಾಗಲನ್ನು ತಟ್ಟಬಹುದು.

ಈ ಕಾರಣಗಳಿಂದಲೇ ಜನರು ಹೋಗುತ್ತಿದ್ದಾರೆ. 2001ರ ಜನಗಣತಿಯಲ್ಲಿ ಕರ್ನಾಟಕದ ನೂರು ಮಂದಿಯಲ್ಲಿ ಸುಮಾರು 34 ಮಂದಿ ಪಟ್ಟಣವಾಸಿಗಳಾಗಿದ್ದರು. 2011ರಲ್ಲಿ ಸುಮಾರು 39 ಮಂದಿಯಾದರು. ಬೆಂಗಳೂರು ಮಹಾನಗರವೊಂದರಲ್ಲಿಯೇ ಆ ವರುಷ 84 ಲಕ್ಷಕ್ಕೂ ಹೆಚ್ಚು ಜನರನ್ನು ಎಣಿಸಲಾಯಿತು. ಇವರೆಲ್ಲರು ದುರಾಶೆಯಿಂದ ಹೋದವರಲ್ಲ. ಅನೇಕರು ಮಕ್ಕಳ ಮುಖವನ್ನು ನೋಡಿ ಹೋದವರು.

3. ಹಳ್ಳಿಯ ತಟ್ಟೆ

ಹಳ್ಳಿಯ ತಟ್ಟೆಯಲ್ಲಿ ಇಡತಕ್ಕವುಗಳಿಗೆ ಬೆಲೆಯ ಚೀಟಿ ಇರುವದಿಲ್ಲ. ಆದುದರಿಂದಲೇ ನಾವು ಅವುಗಳನ್ನು ಮರೆಯುತ್ತೇವೆ. ಇದ್ದ ಮನೆಗೆ ಬಾಡಿಗೆ ಇಲ್ಲ. ಹೊಲದ ಜೋಳವು ಅಂಗಡಿಗೆ ಹೋಗದೆ ಮನೆಗೆ ಬರುತ್ತದೆ. ಮುಯ್ಯಿಗೆ ಬಂದ ನೆರೆಯವನ ದುಡಿತವನ್ನು ಹಣ ಕೊಟ್ಟು ಕೊಳ್ಳಬೇಕಾಗಿಲ್ಲ. ಹೆಂಡತಿಯು ಹೊಲಕ್ಕೆ ಹೋದರೆ ಅಜ್ಜಿಯು ಕೂಸನ್ನು ನೋಡಿಕೊಳ್ಳುತ್ತಾಳೆ. ಜ್ವರ ಬಂದರೆ ಪ್ರಾರ್ಥನೆಗೆ ನಾಲ್ಕು ಮಂದಿ ಬರುತ್ತಾರೆ. ಮರಣವಾದರೆ ಹೊರುವದಕ್ಕೆ ಭುಜಗಳಿವೆ.

ಗೋಪುರ ಕಟ್ಟಬೇಕೆಂದಿರುವವನು ಮೊದಲು ಕೂತು ಖರ್ಚನ್ನು ಎಣಿಸುವನಲ್ಲವೇ ಎಂದು ಕರ್ತನು ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಕೇಳಿದ್ದಾನೆ. ನಾವೂ ಎಣಿಸೋಣ. ಕೆಳಗಿನ ಲೆಕ್ಕವು ತಿಳುವಳಿಕೆಗಾಗಿ ಹಾಕಿದ್ದು ಮಾತ್ರ. ನಿಮ್ಮ ನಿಮ್ಮ ಸಂಖ್ಯೆಗಳನ್ನು ನೀವೇ ಹಾಕಿಕೊಳ್ಳಿರಿ. ಒಬ್ಬನಿಗೆ ಪಟ್ಟಣದಲ್ಲಿ ತಿಂಗಳಿಗೆ 18,000 ರೂಪಾಯಿ ಸಿಕ್ಕುವದೆಂದು ಇಟ್ಟುಕೊಳ್ಳೋಣ. ಬಾಡಿಗೆ 6,000, ಊಟಕ್ಕೆ 7,000, ವಿದ್ಯುತ್ತು, ಗ್ಯಾಸು, ನೀರಿಗೆ 1,200, ಕೆಲಸಕ್ಕೆ ಹೋಗಿ ಬರುವದಕ್ಕೆ 1,500, ಮಕ್ಕಳ ಶಾಲೆಗೆ 1,500. ಒಟ್ಟು 17,200 ಆಯಿತು. ಉಳಿದದ್ದು 800. ಅದರಲ್ಲಿ ಔಷಧ, ಬಟ್ಟೆ, ಊರಲ್ಲಿರುವ ತಾಯಿಗೆ ಕಳುಹಿಸುವದು, ದೇವರ ಕಾಣಿಕೆ, ಹಳೇ ಸಾಲದ ಬಡ್ಡಿ ಎಲ್ಲವೂ ಆಗಬೇಕು. ಮನೆಗೆ ಕಾಲಿಡುವ ಮೊದಲೇ ಹಲವು ತಿಂಗಳ ಬಾಡಿಗೆಯಷ್ಟು ಮುಂಗಡವನ್ನು ಕೊಡಬೇಕಾಗುವದು ಬೇರೆ. ನೆಂಟನು ಹದಿನೆಂಟು ಸಾವಿರವನ್ನು ಹೇಳಿದನು, ಎಂಟು ನೂರನ್ನು ಹೇಳಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಹಿರಿಯರ ಗಾದೆಯು ಸುಳ್ಳಲ್ಲ.

ಇನ್ನೊಂದನ್ನು ನೆನಪಿಸುತ್ತೇವೆ. 2020ನೇ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶವೆಲ್ಲಾ ಬಾಗಲು ಮುಚ್ಚಿದಾಗ ದಿನಗೂಲಿಯವರ ಅನ್ನವು ಒಂದೇ ರಾತ್ರಿಯಲ್ಲಿ ನಿಂತಿತು. ಮೇ ತಿಂಗಳ ಮೊದಲ ದಿನಗಳಲ್ಲಿ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಮಕ್ಕಳನ್ನೂ ಗಂಟುಗಳನ್ನೂ ಹೊತ್ತು ಊರಿನ ಬಸ್ಸಿಗಾಗಿ ಕಾದ ಜನರನ್ನು ನಾಡೆಲ್ಲಾ ಕಂಡಿತು. ಆ ದಿನ ಊರಲ್ಲಿ ಒಂದು ಬಾಗಲು ಉಳಿದವರು ಧನ್ಯರು. ಹೋಗುವ ಉತ್ಸಾಹದಲ್ಲಿ ಮನೆಯನ್ನೂ ಎರಡು ಎಕರೆ ಭೂಮಿಯನ್ನೂ ಮಾರಿ ಹೋಗುವವರು ಇದನ್ನು ಆಲೋಚಿಸಲಿ.

4. ಲೋಟನ ಗುಡಾರವೂ ಅಬ್ರಹಾಮನ ಯಜ್ಞವೇದಿಯೂ

ಎರಡು ತಟ್ಟೆಗಳೂ ತುಂಬಿದವು. ಕೆಲವರಿಗೆ ಒಂದು ಇಳಿಯುವದು, ಕೆಲವರಿಗೆ ಮತ್ತೊಂದು. ಆದರೆ ತೂಗುವ ಕೈಯೇ ನಡುಗಿದರೆ ತೂಕವು ಸರಿಯಾಗದು. ಆ ಕೈ ಯಾವದೆಂಬದನ್ನು ಆದಿಕಾಂಡದ 13ನೇ ಅಧ್ಯಾಯವು ತೋರಿಸುತ್ತದೆ.

ಅಬ್ರಾಮನ ದನಕಾಯುವವರಿಗೂ ಲೋಟನ ದನಕಾಯುವವರಿಗೂ ಜಗಳವಾಯಿತು. ದೊಡ್ಡಪ್ಪನು ತಮ್ಮನ ಮಗನಿಗೆ ಮೊದಲು ಆರಿಸಿಕೊಳ್ಳುವ ಅವಕಾಶವನ್ನು ಕೊಟ್ಟನು. ಲೋಟನು ಯೊರ್ದನಿನ ಬಯಲನ್ನು ನೋಡಿದನು; ಅದು ನೀರುಳ್ಳದ್ದು, ಹಸುರಾದದ್ದು. ಅವನ ಕಣ್ಣು ಹುಲ್ಲನ್ನು ಕಂಡಿತು, ಅಲ್ಲಿಯ ಜನರನ್ನು ಕಾಣಲಿಲ್ಲ. ಅವನು ಒಂದೇ ದಿನದಲ್ಲಿ ಸೊದೋಮಿನವನಾಗಲಿಲ್ಲ. ಮೊದಲು ಅದರ ಕಡೆಗೆ ಗುಡಾರ ಹಾಕಿದನು. 14ನೇ ಅಧ್ಯಾಯದಲ್ಲಿ ಅವನು ಊರೊಳಗೆ ಇದ್ದಾನೆ. 19ನೇ ಅಧ್ಯಾಯದಲ್ಲಿ ಊರಬಾಗಲಲ್ಲಿ ಕೂತಿದ್ದಾನೆ. ಕಡೆಗೆ ಅವನು ಎಚ್ಚರಿಸಿದಾಗ ಅಳಿಯಂದಿರಿಗೆ ಅದು ತಮಾಷೆಯಾಗಿ ಕಂಡಿತು. ಇಷ್ಟು ವರುಷಗಳಲ್ಲಿ ಆ ಮನೆಯೊಳಗೆ ದೇವರ ಮಾತು ಎಷ್ಟು ಕ್ಷೀಣವಾಗಿ ಹೋಗಿತ್ತೆಂಬದನ್ನು ಆ ನಗುವೇ ತಿಳಿಸುತ್ತದೆ.

ಅಬ್ರಾಮನೋ ಶೆಕೆಮಿನಲ್ಲಿ ಒಂದು ಯಜ್ಞವೇದಿಯನ್ನು ಕಟ್ಟಿದನು, ಬೇತೇಲಿನ ಬಳಿಯಲ್ಲಿ ಒಂದನ್ನು ಕಟ್ಟಿದನು, ಹೆಬ್ರೋನಿನಲ್ಲಿ ಒಂದನ್ನು ಕಟ್ಟಿದನು. ಅವನ ಗುಡಾರವು ಕಿತ್ತು ಹಾಕುವದು, ವೇದಿಯು ಕಲ್ಲಿನದು. ಆದರೆ ಬರಗಾಲದಲ್ಲಿ ಅವನು ಐಗುಪ್ತಕ್ಕೆ ಇಳಿದಾಗ ಅಲ್ಲಿ ವೇದಿ ಕಟ್ಟಿದ ಸುದ್ದಿಯೇ ಇಲ್ಲ. ಅಲ್ಲಿಯೇ ಅವನು ಭಯಪಟ್ಟು ಹೆಂಡತಿಯನ್ನು ತಂಗಿಯೆಂದು ಹೇಳಿದನು. ಇಷ್ಟು ದೊಡ್ಡ ಭಕ್ತನೂ ವೇದಿಯಿಲ್ಲದ ಊರಲ್ಲಿ ಜಾರಿದನೆಂದ ಮೇಲೆ ನಮ್ಮ ಗತಿ ಏನು? ಅವನು ತಿರುಗಿ ಬಂದದ್ದೂ ಮೊದಲು ಕಟ್ಟಿದ್ದ ಬೇತೇಲಿನ ವೇದಿಯ ಬಳಿಗೇ.

ಆದುದರಿಂದ ಪ್ರಿಯರೇ, "ಅಲ್ಲಿ ಎಷ್ಟು ಸಿಕ್ಕುತ್ತದೆ?" ಎಂದು ಕೇಳಿದ ಮೇಲೆ "ಅಲ್ಲಿ ನಮ್ಮ ವೇದಿಯು ಎಲ್ಲಿ?" ಎಂತಲೂ ಕೇಳಿರಿ. ಭಾನುವಾರ ಬಿಡುವಿಲ್ಲದ ಕೆಲಸವೋ? ಹತ್ತಿರದ ಸಭೆ ಯಾವದು? ಸಂಜೆಯ ಕುಟುಂಬ ಪ್ರಾರ್ಥನೆಗೆ ಮನೆಯವರೆಲ್ಲರು ಒಂದು ತಾಸಾದರೂ ಕೂಡಿರುವರೋ? ಇನ್ನೂ ಮೂರು ಪ್ರಶ್ನೆಗಳಿವೆ. ನಾವು ಒಳ್ಳೇದರ ಕಡೆಗೆ ಹೋಗುತ್ತೇವೋ, ಅಥವಾ ಅಣ್ಣನ ಮೇಲಣ ಸಿಟ್ಟಿನಿಂದ, ಸಾಲದ ನಾಚಿಕೆಯಿಂದ, ಕುಡಿತದ ಅಪಕೀರ್ತಿಯಿಂದ ಓಡಿಹೋಗುತ್ತೇವೋ? ಹಾಗೆ ಓಡುವವನ ಗಂಟಿನಲ್ಲಿಯೇ ಆ ಸಿಟ್ಟೂ ಆ ಕುಡಿತವೂ ಪ್ರಯಾಣಮಾಡುತ್ತವೆ. ಎರಡನೆಯದು, ನಮ್ಮನ್ನೇ ಆತುಕೊಂಡಿರುವ ಮುದಿ ತಾಯಿತಂದೆಗಳಿಗೆ ಯಾರು ನೀರು ಕೊಡುವರು? ಮೂರನೆಯದು, ಹೆಂಡತಿಯು ಮನಸಾರ ಒಪ್ಪಿದಳೋ, ಇಲ್ಲವೆ ಸುಮ್ಮನಾದಳೋ? ಸುಮ್ಮನಿರುವದು ಒಪ್ಪಿಗೆಯಲ್ಲ. ಈ ಪ್ರಶ್ನೆಗಳಿಗೆ ದೇವರ ಮುಂದೆ ಉತ್ತರ ಕೊಡಬಲ್ಲವನು ಸಮಾಧಾನದಿಂದ ಹೋಗಲಿ. ಕೊಡಲಾರದವನು ಒಂದು ಸುಗ್ಗಿಯ ವರೆಗೆ ತಾಳಲಿ.

5. ಹೋಗುವವರಿಗೆ ಬುದ್ಧಿ

ಮೊದಲು ಒಬ್ಬನು ಹೋಗಿ ಎರಡು ಮೂರು ತಿಂಗಳಿದ್ದು ನೋಡಲಿ; ಸಂಸಾರವನ್ನು ಆ ಮೇಲೆ ಕರೆದುಕೊಂಡು ಹೋಗಲಿ. ಸಾಲ ಕೊಟ್ಟವನಿಗೆ ಹೇಳಿ ಹೋಗಿರಿ. ರಾತ್ರಿಯಲ್ಲಿ ಹೋದ ಕ್ರೈಸ್ತನು ತನ್ನ ಹೆಸರನ್ನು ಮಾತ್ರವಲ್ಲ, ಕ್ರಿಸ್ತನ ಹೆಸರನ್ನೂ ಕೆಡಿಸುತ್ತಾನೆ. ಹೊಲವನ್ನು ಮಾರಬೇಡಿರಿ, ಲಾವಣಿಗೆ ಕೊಟ್ಟರೆ ಸಾಕು. ಮಕ್ಕಳ ವರ್ಗಾವಣೆ ಪತ್ರವನ್ನು ತೆಗೆದುಕೊಳ್ಳಿರಿ. ಅದು ತಡವಾದರೂ ಅದೇ ಕಾರಣದಿಂದ ಸರಕಾರಿ ಶಾಲೆಯವರು ಮಗುವನ್ನು ಹೊರಗೆ ನಿಲ್ಲಿಸಬಾರದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಹೇಳುತ್ತದೆ. ಕೆಲಸ ಕೊಡುವವನನ್ನು ಇ.ಎಸ್.ಐ., ಭವಿಷ್ಯನಿಧಿ ಉಂಟೋ ಎಂದು ಕೇಳಿರಿ. ಕಟ್ಟಡದ ಕೆಲಸಕ್ಕೆ ಹೋಗುವವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಯಿಸಿಕೊಳ್ಳಲಿ.

ಎಲ್ಲಕ್ಕಿಂತ ಮುಖ್ಯವಾದ ಕಾಗದವು ಬೇರೊಂದುಂಟು. ಬೋಧಕರಿಂದ ಸಭಾ ವರ್ಗಾವಣೆಯ ಪತ್ರವನ್ನು ಬರೆಯಿಸಿಕೊಂಡು ಹೋಗಿರಿ. 1947ನೇ ಸೆಪ್ಟೆಂಬರ 27ರಲ್ಲಿ ದಕ್ಷಿಣ ಇಂಡಿಯಾ ಸಭೆಯು ಐಕ್ಯವಾದ ಮೇಲೆ, ಮೊದಲು ಬೇರೆ ಬೇರೆ ಮಿಶನುಗಳಿಗೆ ಸೇರಿದ್ದ ಅನೇಕ ಸಭೆಗಳು ಒಂದೇ ಮನೆಯಾಗಿವೆ. ಹುಬ್ಬಳ್ಳಿ ಧಾರವಾಡಗಳಲ್ಲಿ ಮಾತ್ರವಲ್ಲ, ಬೆಂಗಳೂರಿನಲ್ಲಿಯೂ ಹಡ್ಸನ್ ಸ್ಮಾರಕ ದೇವಾಲಯದಂಥ ಕನ್ನಡ ಸಭೆಗಳುಂಟು. ಹೋದ ಮೊದಲನೇ ಭಾನುವಾರದಲ್ಲಿಯೇ ಹೋಗಿ ಪತ್ರವನ್ನು ಕೊಡಿರಿ. "ಮನೆ ಸರಿಯಾಗಲಿ, ಆ ಮೇಲೆ ನೋಡೋಣ" ಅಂದವರು ಮೂರು ವರುಷವಾದರೂ ನೋಡುತ್ತಲೇ ಇರುತ್ತಾರೆ. ಬಾಬೆಲಿಗೆ ಒಯ್ಯಲ್ಪಟ್ಟವರಿಗೆ ಯೆರೆಮೀಯನು ಕಾಗದ ಬರೆದು, ಮನೆ ಕಟ್ಟಿ ತೋಟ ಮಾಡಿ ಆ ಪಟ್ಟಣದ ಕ್ಷೇಮಕ್ಕಾಗಿ ಬೇಡಿಕೊಳ್ಳಬೇಕೆಂದು ತಿಳಿಸಿದನಷ್ಟೆ. ನೀವು ವಾಸಿಸುವ ಓಣಿಯು ನಿಮ್ಮಿಂದ ಆಶೀರ್ವಾದ ಹೊಂದಲಿ. ಊರಿನ ತಾಯಿಯನ್ನು ಮಾತ್ರ ಮರೆಯಬೇಡಿರಿ. 2023ನೇ ಜೂನಿನಲ್ಲಿ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಈ ರಾಜ್ಯದ ಹೆಂಗಸರಿಗೆ ಉಚಿತ ಪ್ರಯಾಣವು ಆರಂಭವಾಯಿತು. ಬಸ್ಸಿನ ಖರ್ಚಿಗೆ ಹಣವಿಲ್ಲದೆ ತಾಯಿಯ ಮುಖ ನೋಡಲಿಲ್ಲವೆಂಬ ಮಾತು ಮಗಳ ಬಾಯಲ್ಲಿ ಬರದಿರಲಿ.

6. ಉಳಿಯುವವರಿಗೆ ಬುದ್ಧಿ

ಉಳಿದವರೇ, ಬೆಂಚುಗಳು ಬರಿದಾಗುತ್ತವೆಂಬ ದುಃಖವನ್ನು ನಾವು ಬಲ್ಲೆವು. ಗಂಟೆ ಬಾರಿಸುವದಕ್ಕೂ ಹಾಡು ಎತ್ತುವದಕ್ಕೂ ಹುಡುಗರಿಲ್ಲದ ಸಭೆಗಳಿವೆ. ಆದರೆ ಶಾಪ ಹಾಕಿ ಯಾರನ್ನೂ ಹಿಡಿದಿಡಬೇಡಿರಿ. ಹೋಗುವವರ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳುಹಿಸಿರಿ. ಹಾಗೆ ಕಳುಹಿಸಲ್ಪಟ್ಟವನ ಮನಸ್ಸು ಊರಿನ ಕಡೆಗೆ ತೆರೆದಿರುತ್ತದೆ.

ತಿರುಗಿ ಬಂದವರ ವಿಷಯವೂ ಇದೆ. ಬೇತ್ಲೆಹೇಮಿನ ಎಲೀಮೆಲೆಕನು ಬರಗಾಲದ ನಿಮಿತ್ತ ಹೆಂಡತಿ ಮಕ್ಕಳ ಸಹಿತ ಮೋವಾಬಿಗೆ ಹೋದನು. ಸ್ವಲ್ಪ ಕಾಲಕ್ಕೆಂದು ಹೋದದ್ದು ಹತ್ತು ವರುಷವಾಯಿತು, ಮೂರು ಸಮಾಧಿಗಳಾದವು. ನೊವೊಮಿಯು ಬರಿಗೈಯಿಂದ ಊರಿಗೆ ಬಂದಳು. ಬರಿಗೈಯೆಂದು ಅವಳು ತಿಳಿದಿದ್ದರೂ ಅವಳ ಮಗ್ಗುಲಲ್ಲಿ ರೂತಳಿದ್ದಳು. ಆ ರೂತಳ ಸಂತಾನದಲ್ಲಿ ದಾವೀದನು ಹುಟ್ಟಿದನು, ದಾವೀದನ ವಂಶದಲ್ಲಿ ಲೋಕರಕ್ಷಕನು ಬಂದನು. ಪಟ್ಟಣದಲ್ಲಿ ಸೋತು ಬಂದ ಕುಟುಂಬವು ನಾಚಿಕೆಯಿಂದ ದೇವಾಲಯದ ಬಾಗಲಿಗೆ ಬರದೆ ಹಿತ್ತಲಲ್ಲಿ ಅಡಗಿರುವಾಗ, "ಹೋದಾಗ ಹೇಳಿ ಹೋದರೋ?" ಎಂದು ಕೇಳುವವರು ಯಾರು? ಮೊದಲು ಒಂದು ಸೇರು ಜೋಳವನ್ನು ತೆಗೆದುಕೊಂಡು ಹೋಗಿರಿ. ಮಾತು ಆ ಮೇಲೆ ಆಗಲಿ. ಬಿಟ್ಟುಹೋದ ಸ್ಥಳವು ಇನ್ನೂ ತಮ್ಮದೇ ಎಂದು ಅವರಿಗೆ ತಿಳಿಯುವಂತೆ ಮಾಡಿರಿ.

ಪ್ರಿಯರೇ, ಈ ರಾತ್ರಿಯೂ ಯಾವದೋ ಮನೆಯಲ್ಲಿ ದೀಪ ಆರಿದ ಮೇಲೆ ಆ ಮಾತು ನಡೆಯುವದು. ಆ ಮನೆಯವರಿಗೆ ನಮ್ಮ ಬಿನ್ನಹವು ಇಷ್ಟೇ: ದೀಪವನ್ನು ತಿರುಗಿ ಹಚ್ಚಿರಿ, ಕಾಗದದ ಮೇಲೆ ಎರಡು ಪಂಕ್ತಿಗಳನ್ನು ಬರೆಯಿರಿ, ಮೊಣಕಾಲೂರಿ ಅದನ್ನು ಕರ್ತನಿಗೆ ತೋರಿಸಿರಿ, ಬೆಳಿಗ್ಗೆ ಎದ್ದು ಸಭಾಹಿರಿಯರಿಗೂ ತೋರಿಸಿರಿ. ಕರ್ತನ ಚಿತ್ತವಾದರೆ ಹೋಗುವೆವು, ಕರ್ತನ ಚಿತ್ತವಾದರೆ ಇರುವೆವು ಎಂದು ಮನಃಪೂರ್ವಕವಾಗಿ ಹೇಳಬಲ್ಲ ಕುಟುಂಬವು ಎಲ್ಲಿದ್ದರೂ ತನ್ನ ಸ್ಥಳದಲ್ಲಿಯೇ ಇದೆ.

ಗುಡಾರದಲ್ಲಿದ್ದ ಅಬ್ರಹಾಮನನ್ನು ನಡಿಸಿದ ದೇವರು ಹೋಗುವವರ ಮುಂದೆ ನಡೆಯಲಿ, ಉಳಿಯುವವರ ಮಧ್ಯದಲ್ಲಿ ವಾಸಿಸಲಿ, ತಿರುಗಿ ಬರುವವರಿಗೆ ಬಾಗಲನ್ನು ತೆರೆಯಲಿ. ಆಮೆನ್.